ನಲವತ್ತೆರಡನೆಯ ಹೂಂ

“ನೀ ಕತಿ ಹೇಳವ್ವ, ನಾ ಕಡೀತನಕಾ ಬರೇ ಹೂಂ ಅಂತೀನಿ. ನಡಕ ಬಾಯಿ ಹಾಕಂಗಿಲ್ಲ. ಸಿದ್ಧೇಶ್ವರನ ಆಣಿ!”

ಕಾಂತೇಶ ಈ ಮಾತು ಕೊಟ್ಟದ್ದು ನೆಲದ ಮೇಲೆ ಹೊಟ್ಟೆ ಹಚ್ಚಿ ಮಲಗಿಕೊಂಡು. ಯಾಕೆಂದರೆ ಮಗಳು ಚಂದ್ರಭಾಗಾ ಮಂಚದ ಕೆಳಗೆ, ಟ್ರಂಕಿನ ಹಿಂದೆ ಸೇರಿಕೊಂಡು ಅಳುತ್ತಿದ್ದಳು. ಸತ್ತುಹೋದ ಅಜ್ಜಿಯ ಹೆಸರಿಟ್ಟದ್ದರಿಂದ ಅಷ್ಟುದ್ದದ ಹೆಸರು; ಮನೆಯವರ ಬಾಯಲ್ಲಿ ಅವಳು ಭಾಗೂ. ಆಗ ಅವಳಿಗೆ ನಾಲ್ಕು ವರ್ಷ. ಜೀವನದ ಮೊದಲ ಕಥೆ ಹೇಳಲು ಹೊರಟಿದ್ದಳು. ಒಂದು ಇರುವೆ ಕೈಯಲ್ಲಿ ಚೀಲ ಹಿಡಿದುಕೊಂಡು ಪಂಢರಪುರಕ್ಕೆ ಹೋದ ಕಥೆ.

“ಇರಬಿ ಬಸ್ ಹತ್ತಿತು” ಎಂದಿದ್ದಳು ಭಾಗೂ.

“ಯಾವ ಬಸ್ಸು?” ಎಂದಿದ್ದ ಕಾಂತೇಶ. “ಮೋಹೋಳ ಮ್ಯಾಲಿಂದ ಹೋಗೂದೋ, ಮಂಗಳವೇಢಾ ಮ್ಯಾಲಿಂದ ಹೋಗೂದೋ?”

ನಾಲ್ಕು ವರ್ಷದ ಕೂಸಿಗೆ ಅದು ಗೊತ್ತಿರಲಿಲ್ಲ. ಕಾಂತೇಶನೇ ಮೋಹೋಳದ ಬಸ್ಸು ಎಂದು ತೀರ್ಮಾನಿಸಿದ. ಇರುವೆಗೆ ಅರ್ಧ ಟಿಕೀಟೋ ಪೂರ್ತಿಯೋ ಎಂದು ವಿಚಾರ ಮಾಡಿದ. ಕೈಚೀಲ ತೊಡೆಯ ಮೇಲಿಟ್ಟುಕೊಳ್ಳಬೇಕು, ಮೇಲೆ ಇಟ್ಟರೆ ಕಳುವಾಗುತ್ತದೆ ಎಂದು ಇರುವೆಗೆ ಬುದ್ಧಿ ಹೇಳಿದ. ಮೋಹೋಳದಲ್ಲಿ ಬಸ್ಸು ನಿಲ್ಲಿಸಿ ಇರುವೆಗೆ ಚಹಾ ಕುಡಿಸುವಷ್ಟರಲ್ಲಿ ಭಾಗೂ ಮಂಚದ ಕೆಳಗೆ ಹೋಗಿಯಾಗಿತ್ತು. ಆ ಇರುವೆ ಇವತ್ತಿಗೂ ಪಂಢರಪುರ ಮುಟ್ಟಿಲ್ಲ.

ಹೂಂ ಅನ್ನುವುದು ಅವರ ಮನೆಯಲ್ಲಿ ಚಿಲ್ಲರೆ ಸಂಗತಿಯಲ್ಲ. ಕಥೆ ಹೇಳುವಾಗ ಕೇಳುವವರೊಬ್ಬರು ಮಾತುಮಾತಿಗೂ ಹೂಂ ಅನ್ನಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. “ಹೂಂ ಇಲ್ಲದ ಕತಿ, ಉಪ್ಪಿಲ್ಲದ ಝುಣಕ” ಎಂದು ಹೆಸರು ಬಿಟ್ಟುಹೋದ ಅಜ್ಜಿ ಹೇಳುತ್ತಿದ್ದಳು. ಆ ಅಜ್ಜಿಯ ಹೊಟ್ಟೆಯಲ್ಲೇ ಹುಟ್ಟಿದ ಕಾಂತೇಶನಿಗೆ ಮಾತ್ರ ಬರೀ ಹೂಂ ಎಂದು ಸುಮ್ಮನಿರುವುದು ದೇವರು ಕೊಡದೆ ಉಳಿಸಿಕೊಂಡ ವಿದ್ಯೆ.

ಸೋಲಾಪುರದ ವಿಜಾಪುರ ರಸ್ತೆಯಲ್ಲಿ ಅವನದು ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಅಂಗಡಿ. ರೊಟ್ಟಿ ಬಡಿಯುವವಳು ಹೆಂಡತಿ ಶುಭಾಂಗಿ. ಒಣಗಿಸಿ, ಕಟ್ಟಿ, ಮಾರುವವನು ಕಾಂತೇಶ. ಮಾರುತ್ತ ಗಿರಾಕಿಗಳ ಮಾತು ತಿದ್ದುವವನೂ ಅವನೇ. ಯಾರೋ ಒಬ್ಬರು ತಮ್ಮ ಮನೆಯಲ್ಲಿ ಮೂರು ಮೊಳದ ಹಾವು ಬಂದಿತ್ತು ಎಂದರೆ, “ಮೂರಲ್ಲ ಬಿಡ್ರಿ, ಆ ಓಣ್ಯಾಗ ನಾಕಕ್ಕ ಕಡಿಮಿ ಹಾವ ಇಲ್ಲ” ಎನ್ನುವನು. ಹಾವು ಕಂಡವರು ಅವರು, ಅಳೆದವನು ಇವನು. ಇದರಲ್ಲಿ ಅವನಿಗೆ ಕೆಟ್ಟ ಬುದ್ಧಿ ಏನೂ ಇರಲಿಲ್ಲ. ತಪ್ಪು ಸಂಗತಿಯೊಂದು ಕಿವಿಗೆ ಬಿದ್ದರೆ ಅವನಿಗೆ ಹಲ್ಲಿನ ಸಂದಿಯಲ್ಲಿ ಶೇಂಗಾ ಸಿಕ್ಕಂತಾಗುತ್ತಿತ್ತು, ಅಷ್ಟೇ.

ಆರು ವರ್ಷ ಕೊಟ್ಟ ಮಾತು ಹಾಗೆಯೇ ಉಳಿಯಿತು. ಯಾಕೆಂದರೆ ಭಾಗೂ ಮತ್ತೆ ಕಥೆ ಹೇಳುವ ಗೋಜಿಗೇ ಹೋಗಲಿಲ್ಲ. ಪರೀಕ್ಷೆಗೆ ಕೂಡದ ಹುಡುಗನನ್ನು ನಾಪಾಸು ಮಾಡುವವರು ಯಾರು?

ಈ ವರ್ಷ ಏಪ್ರಿಲಿನಲ್ಲಿ ಪರೀಕ್ಷೆ ಬಂತು. ಅಕ್ಕಲಕೋಟದ ಕನ್ನಡ ಮಂಡಳಿಯವರು ಮಕ್ಕಳ ಕಥೆ ಹೇಳುವ ಸ್ಪರ್ಧೆ ಇಟ್ಟರು. ಮರಾಠಿ ಶಾಲೆಗೆ ಹೋಗುವ ಮಕ್ಕಳೂ ಬರಬಹುದು, ಓದಲು ಬರೆಯಲು ಬರದಿದ್ದರೂ ನಡೆಯುತ್ತದೆ, ಮನೆಯ ಕನ್ನಡದಲ್ಲಿ ಬಾಯಿಯಿಂದ ಹೇಳಿದರೆ ಸಾಕು. ಕಥೆ ತನ್ನದೇ ಮನೆಯದಾಗಿರಬೇಕು. ಪ್ರತಿ ಮಗುವಿನ ಎದುರು ಮನೆಯ ಹಿರಿಯರೊಬ್ಬರು ಕುಳಿತು ಹೂಂ ಅನ್ನಬೇಕು. ಆದರೆ ಹೂಂ ಬಿಟ್ಟು ಬೇರೊಂದು ಅಕ್ಷರ ಬಾಯಿಂದ ಬಂದರೆ ಗಂಟೆ ಬಾರಿಸಿ ಮಗುವನ್ನು ಕೆಳಗಿಳಿಸುತ್ತಾರೆ. ಹಿಂದಿನ ವರ್ಷ ತಾಯಂದಿರು ಎದುರಿಗೆ ಕೂತು ಇಡೀ ಕಥೆ ತಾವೇ ಹೇಳಿಕೊಟ್ಟಿದ್ದರಿಂದ ಈ ಕಟ್ಟುನಿಟ್ಟು.

ಭಾಗೂ ಸ್ಪರ್ಧೆಯ ಚೀಟಿ ತಂದು ಅಪ್ಪನ ಮುಂದೆ ಹಿಡಿದಳು.

“ಹೂಂ ಅನ್ನಾಕ ಮಮ್ಮೀನ ಕರಕೊಂಡು ಹೋಗಬಾರದೇನು?” ಎಂದ ಕಾಂತೇಶ, ತನ್ನ ಯೋಗ್ಯತೆ ತನಗೆ ಗೊತ್ತಿದ್ದವನಾಗಿ.

“ಬ್ಯಾಡ. ನೀನs ಬಾ” ಎಂದಳು ಭಾಗೂ. “ನೀ ಆಣಿ ಮಾಡೀದಿ. ನಂಗ ಒಂದs ಒಂದ್ ಕತಿ ಕಡೀತನಕ ಹೇಳೂದೈತಿ.”

“ಅಕಿಗಿ ಇನ್ನೂ ನೆನಪೈತಿ ನೋಡ್ರಿ” ಎಂದಳು ಒಳಗಿನಿಂದ ಶುಭಾಂಗಿ. “ಶಾಲ್ಯಾಗಿನ ಗಣಿತ ಮರೀತಾಳ, ಇದು ಮರೆಯಂಗಿಲ್ಲ.”

ಮರುದಿನದಿಂದ ಕಾಂತೇಶ ಅಂಗಡಿಯಲ್ಲಿ ಅಭ್ಯಾಸ ಶುರು ಮಾಡಿದ.

“ಚಟ್ನಿ ಭಾಳ ಖಾರ ಐತೇನ್ರಿ?” ಎಂದು ಕೇಳಿದಳು ಒಬ್ಬ ಹೆಣ್ಣುಮಗಳು.

“ಹೂಂ.”

“ಸಣ್ಣ ಹುಡುಗರು ತಿಂತಾವೇನ್ರಿ?”

“ಹೂಂ.”

“ಎರಡೂ ಹೆಂಗಾಗ್ತೈತ್ರಿ?”

“ಹೂಂ.”

ಆ ಹೆಣ್ಣುಮಗಳು ಶುಭಾಂಗಿಯನ್ನು ಒಳಗಿನಿಂದ ಕರೆದು, “ಯಜಮಾನ್ರಿಗಿ ಆರಾಮಿಲ್ಲೇನವ್ವ?” ಎಂದು ಕೇಳಿ ಚಟ್ನಿ ಬಿಟ್ಟು ಬರೀ ರೊಟ್ಟಿ ಒಯ್ದಳು.

ಕಥೆ ಯಾವುದು ಎಂದು ಮಾತ್ರ ಭಾಗೂ ಬಾಯಿ ಬಿಡಲಿಲ್ಲ. ಕಾಂತೇಶ ಕೊನೆಗೆ ಒಂದು ಸಲಹೆಯನ್ನಾದರೂ ಕೊಡದಿದ್ದರೆ ಉಂಡದ್ದು ಅರಗುವುದಿಲ್ಲ ಎಂದು, ಹೋಗುವ ಮುಂಜಾನೆ ಅವಳ ಜಡೆ ಹೆಣೆಯುತ್ತಿದ್ದ ಶುಭಾಂಗಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತ. “ನಾ ನಡಕ ಮಾತಾಡಂಗಿಲ್ಲ. ಈಗs ಒಂದು ಮಾತು ಹೇಳಿಬಿಡ್ತೀನಿ. ಕತಿ ಎಂಥಾದೂ ಇರಲಿ, ಕಡೀಕ ಅಪ್ಪ ಗೆಲ್ಲಬೇಕು. ಅಪ್ಪ ಸೋತ ಕತಿಗಿ ಜನಾ ಚಪ್ಪಾಳಿ ಹೊಡ್ಯಂಗಿಲ್ಲ.”

ಭಾಗೂ ತಲೆ ಅಲುಗಾಡಿಸುವಂತಿರಲಿಲ್ಲ, ಜಡೆ ಅಮ್ಮನ ಕೈಯಲ್ಲಿತ್ತು. “ಹೂಂ” ಎಂದಳು.

ಅಕ್ಕಲಕೋಟದ ಮಂಗಲ ಕಾರ್ಯಾಲಯದಲ್ಲಿ ಮೇಲೆ ತಗಡಿನ ಚಪ್ಪರ, ಕೆಳಗೆ ಇನ್ನೂರು ಜನ. ಫ್ಯಾನುಗಳು ಬಿಸಿ ಗಾಳಿಯನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಇಡುತ್ತಿದ್ದವು. ಮುಂದಿನ ಸಾಲಿನಲ್ಲಿ, ತಲೆಗೆ ಹಳದಿ ಪಟಗಾ ಸುತ್ತಿಕೊಂಡು, ಕೋಲಿನ ಮೇಲೆ ಗದ್ದ ಊರಿ ಕುಳಿತವರನ್ನು ಕಂಡು ಕಾಂತೇಶ ಬಾಗಿಲಲ್ಲೇ ನಿಂತ. ತಡವಳದ ಮಾವ ಕಲ್ಯಾಣಪ್ಪ! ಮೊಮ್ಮಗಳ ಕಥೆ ಕೇಳಲು ತಮ್ಮೂರಿನ ಏಳೆಂಟು ಮಂದಿಯನ್ನೂ ಕಟ್ಟಿಕೊಂಡು ಜೀಪಿನಲ್ಲಿ ಬಂದಿದ್ದರು.

“ಬರ್ರಿ ಅಳಿಯಾರ” ಎಂದರು ಕಲ್ಯಾಣಪ್ಪ. “ಮುಂದಿನ ತಿಂಗಳು ಮತ್ತ ಧೋಂಡ್ಯಾ ಬಂತು. ಊಟಕ್ಕ ಬರಬೇಕು. ಹೋದ ಸಲದಂಗ ಬಣವಿ ಹತ್ತಿ ಕೂಡಬ್ಯಾಡ್ರಿ ಮತ್ತ. ಈಗ ಊರಾಗs ಟಾವರ್ ಬಂದೈತಿ.”

ತಡವಳದವರೆಲ್ಲ ನಕ್ಕರು. ಕಾಂತೇಶನೂ ನಕ್ಕ. ಆದರೆ ಅವನ ನಗೆ ಅರ್ಧಕ್ಕೆ ನಿಂತಿತು, ಯಾಕೆಂದರೆ ಭಾಗೂ ನಗದೆ ಅವನನ್ನೇ ನೋಡುತ್ತಿದ್ದಳು. ಕಥೆ ಯಾವುದೆಂದು ಅವನಿಗೆ ಆ ಕ್ಷಣದಲ್ಲಿ ಹೊಳೆದುಹೋಯಿತು.

ಮೂರು ವರ್ಷಕ್ಕೊಮ್ಮೆ ಬರುವ ಅಧಿಕ ಮಾಸಕ್ಕೆ ಆ ಕಡೆ ಧೋಂಡ್ಯಾ ತಿಂಗಳು ಎನ್ನುತ್ತಾರೆ. ಆ ತಿಂಗಳು ಅಳಿಯನನ್ನು ಕರೆದು, ಹೊಸ ಬಟ್ಟೆ ಉಡಿಸಿ, ಸಿಹಿ ಉಣಿಸಿ, ದೇವರ ಹಾಗೆ ನೋಡಿಕೊಳ್ಳಬೇಕು. ಹಿಂದಿನ ಧೋಂಡ್ಯಾದಲ್ಲಿ ತಡವಳದಲ್ಲಿ ಏನಾಯಿತು ಎಂಬುದಕ್ಕೆ ಎರಡು ಕಥೆಗಳಿದ್ದವು. ಕಾಂತೇಶ ಮಾವನಿಗೆ ಹೇಳಿದ್ದು ಒಂದು: ಪುಣೆಯ ದೊಡ್ಡ ಗಿರಾಕಿಯ ಫೋನ್ ಬಂತು, ಅಂಗಳದಲ್ಲಿ ರೇಂಜ್ ಸಿಗಲಿಲ್ಲ, ಅದಕ್ಕೇ ಮೇವಿನ ಬಣವೆಯ ಮೇಲೆ ಹತ್ತಿದೆ. ಆ ಮಾತನ್ನು ಕಲ್ಯಾಣಪ್ಪ ಇಡೀ ತಡವಳಕ್ಕೆ ಅಭಿಮಾನದಿಂದ ಹಂಚಿದ್ದರು. ಆಮೇಲೆ ಊರಿನ ನಾಲ್ಕಾರು ಮಂದಿ ರೇಂಜ್ ಹುಡುಕಿಕೊಂಡು ಕಲ್ಯಾಣಪ್ಪನವರ ಬಣವೆ ಹತ್ತಿದ್ದೂ ಉಂಟು. ಒಬ್ಬ ಜಾರಿ ಬಿದ್ದು ಸೊಂಟ ಉಳುಕಿಸಿಕೊಂಡಿದ್ದ. ಇನ್ನೊಂದು ಕಥೆ ಗೊತ್ತಿದ್ದದ್ದು ಶುಭಾಂಗಿಗೆ ಮತ್ತು ಭಾಗೂಗೆ ಮಾತ್ರ. ಗಂಡನ ಮಾನಕ್ಕಾಗಿ ಶುಭಾಂಗಿ ಅದನ್ನು ತವರಿನಲ್ಲಿ ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ.

ಭಾಗೂಗಿಂತ ಮೊದಲು ಮರವಡೆಯಿಂದ ಬಂದ ಹುಡುಗಿಯೊಬ್ಬಳು ತಮ್ಮ ಹೊಲದಲ್ಲಿ ಹುಲಿ ಬಂದ ಕಥೆ ಹೇಳಿದಳು. “ಹುಲಿ ಅಲ್ಲs ಹುಚ್ಚಿ, ತ್ವಾಳ!” ಎಂದಳು ಎದುರು ಕುಳಿತ ಅವಳ ಅತ್ತೆ. ಢಣ್ ಎಂದು ಗಂಟೆ ಬಿತ್ತು. ಬಾರಿಸಿದವರು ನಿವೃತ್ತ ಶಿಕ್ಷಕಿ ಕಸ್ತೂರಬಾಯಿ. ಅವರ ಕೈಯಲ್ಲಿದ್ದದ್ದು ಹಳೇ ಶಾಲೆಯ ಹಿತ್ತಾಳೆ ಗಂಟೆ. ಮುಖದಲ್ಲಿ ಕರುಣೆ ಎಂಬುದು ಕಾಣಲಿಲ್ಲ.

ಮುಂದಿನ ಹೆಸರು ಚಂದ್ರಭಾಗಾ.

ಕಾಂತೇಶನನ್ನು ಒಂದು ಸ್ಟೂಲಿನ ಮೇಲೆ ಕೂಡಿಸಿ ಅವನ ಬಾಯಿಗೂ ಒಂದು ಮೈಕು ಹಿಡಿಸಿದರು. ಹೂಂ ಕೂಡ ಹಿಂದಿನ ಸಾಲಿನವರೆಗೆ ಕೇಳಬೇಕಂತೆ.

“ನಮ್ಮ ಪಪ್ಪಾನ ಕತಿ ಹೇಳ್ತೀನಿ” ಎಂದಳು ಭಾಗೂ. “ಖರೇ ಕತಿ.”

“ಹೂಂ.”

“ನಮ್ಮ ಪಪ್ಪಾಗ ಎಲ್ಲಾ ಗೊತ್ತೈತಿ.”

“ಹೂಂ.” ಇದು ಚೆನ್ನಾಗಿ ಕಾಯ್ದ ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿ ಬಂದ ಹೂಂ.

“ಗೊತ್ತಿಲ್ಲದ್ದು ಇನ್ನಾ ಭಾಳ ಗೊತ್ತೈತಿ.”

ಜನ ಘೊಳ್ಳೆಂದು ನಕ್ಕರು. “ಹೂಂ” ಎಂದ ಕಾಂತೇಶ.

“ಧೋಂಡ್ಯಾ ತಿಂಗಳದಾಗ ಮುತ್ಯಾ ಪಪ್ಪಾಗ ಹೊಸಾ ಧೋತ್ರ ಕೊಟ್ಟ. ಪಪ್ಪಾಗ ಧೋತ್ರ ಉಡಾಕ ಬರಂಗಿಲ್ಲ. ಆದ್ರೂ ಬರ್ತೈತಿ ಅಂತ ಹೇಳ್ದ.”

ಉಡಲು ಬರುತ್ತಿತ್ತು, ಅವತ್ತು ಗಂಟು ಸಡಿಲಾಗಿತ್ತು, ಎರಡಕ್ಕೂ ವ್ಯತ್ಯಾಸ ಇದೆ ಎಂಬ ಮಾತು ಗಂಟಲವರೆಗೆ ಬಂತು. ಕಾಂತೇಶ ಅದನ್ನು ನುಂಗಿ ಹೂಂ ಎಂದ.

“ಮುತ್ಯಾ, ಆಯಿ ಎಲ್ಲಾರೂ ಗುಡಿಗಿ ಹೋಗಿದ್ರು. ಮಮ್ಮಿ ಒಳಗ ರೊಟ್ಟಿ ಮಾಡಾಕತ್ತಿದ್ಲು. ಹಿತ್ತಲದಾಗ ಎಮ್ಮಿ ಈದು ನಾಕು ದಿನಾ ಆಗಿತ್ತು. ಪಪ್ಪಾ ಕರುವಿನ ಜೋಡಿ ಸೆಲ್ಫಿ ತಗೀತೀನಿ ಅಂತ ಹೋದ.”

“ಹೂಂ.”

“ನಾ ಅಂದೆ, ಪಪ್ಪಾ ಎಮ್ಮಿ ನೋಡಾಕತ್ತೈತಿ. ಪಪ್ಪಾ ಅಂದ, ಎಮ್ಮಿ ಬಗ್ಗೆ ನಂಗ ಹೇಳಬ್ಯಾಡ, ಎಮ್ಮಿಗಿ ನನ್ನ ಗುರತ ಐತಿ.”

ತಡವಳದ ಮಂದಿ ಮೊಣಕೈಯಿಂದ ಒಬ್ಬರನ್ನೊಬ್ಬರು ತಿವಿಯತೊಡಗಿದರು. ಈದ ಎಮ್ಮೆಯ ಕರುವಿನ ಹತ್ತಿರ, ಗಾಳಿಗೆ ಪಟಪಟ ಹಾರುವ ಬಿಳಿ ಧೋತ್ರದಲ್ಲಿ ಹೋದ ಪರವೂರಿನ ಮನುಷ್ಯನಿಗೆ ಏನಾಗುತ್ತದೆ ಎಂದು ತಿಳಿಯಲು ಅವರಿಗೆ ಕಥೆ ಬೇಕಾಗಿಯೇ ಇರಲಿಲ್ಲ.

“ಎಮ್ಮಿ ಗೂಟಾ ಕಿತ್ತುಕೊಂಡು ಬೆನ್ನಹತ್ತಿತು. ಪಪ್ಪಾನ್ನ ಮೂರು ಸುತ್ತು ಹಿತ್ತಲಾ ಸುತ್ತಸ್ತು.”

ಎರಡು! ಎರಡೇ ಸುತ್ತು! ಕಾಂತೇಶನ ತೊಡೆಯ ಮೇಲಿನ ಬಲಗೈ ತಾನಾಗಿಯೇ ಎರಡು ಬೆರಳು ಎತ್ತಿತು. ಕಸ್ತೂರಬಾಯಿ ಗಂಟೆಗೆ ಕೈ ಹಾಕಿದರು. ಅವನು ಎಡಗೈಯಿಂದ ಆ ಬೆರಳುಗಳನ್ನು ಮಡಿಚಿ ಹಿಡಿದುಕೊಂಡು, “ಹೂಂ” ಎಂದ. ಮೈಕಿನಲ್ಲಿ ಅದು ಹೂಂ ಎಂದು ಕೇಳಲಿಲ್ಲ, ಯಾರೋ ಮೂಟೆ ಎತ್ತಿದಂತೆ ಕೇಳಿತು.

“ಧೋತ್ರ ಎಮ್ಮಿ ಕೋಡಿಗಿ ಸಿಕ್ಕಿತು. ಪಪ್ಪಾ ಬರೇ ಪಟ್ಟಾಪಟ್ಟಿ ಚಡ್ಡೀಲೆ ಬಣವಿ ಹತ್ತಿದ.”

“ಹೂಂ.”

“ಅಂದ್ರ ರೇಂಜಿಗಿ ಅಲ್ಲೇನು?” ಎಂದು ಕಲ್ಯಾಣಪ್ಪ ಕುರ್ಚಿಯಿಂದ ಎದ್ದೇಬಿಟ್ಟರು.

“ಕೇಳವ್ರು ಮಾತಾಡಬಾರದು, ಕೂಡ್ರಿ!” ಎಂದರು ಕಸ್ತೂರಬಾಯಿ.

ಆದರೆ ಮುತ್ಯಾ ಕೇಳಿದ ಮೇಲೆ ಮೊಮ್ಮಗಳು ಉತ್ತರ ಕೊಡದಿರುತ್ತಾಳೆಯೇ? “ಇಲ್ಲ ಮುತ್ಯಾ. ಫೋನ್ ಕೆಳಗ ಶಗಣ್ಯಾಗ ಬಿದ್ದಿತ್ತು. ನೀ ಬಂದಾಗ ಪಪ್ಪಾ ಕಿವಿಗಿ ಹಚ್ಗೊಂಡಿದ್ದು ಬರೇ ಕೈ.”

ಚಪ್ಪರದ ತಗಡುಗಳು ಹಾರಿಹೋಗುವಂತೆ ನಗೆ ಎದ್ದಿತು. ಬಣವೆಯಿಂದ ಬಿದ್ದು ಸೊಂಟ ಉಳುಕಿಸಿಕೊಂಡಿದ್ದವನು ಹಿಂದಿನಿಂದ, “ನನ್ನ ಸ್ವಾಂಟ ಸುಮ್ಮನ ಹೋತಲ್ಲೋ!” ಎಂದು ಕೂಗಿದ. ಕಲ್ಯಾಣಪ್ಪ ಪಟಗಾದ ತುದಿಯಿಂದ ಕಣ್ಣು ಒರೆಸಿಕೊಂಡರು. ನಗೆಗೋ ಮರ್ಯಾದೆಗೋ ಹೇಳಲಾಗುತ್ತಿರಲಿಲ್ಲ. ಕಾಂತೇಶನ ಅಂಗಿ ಬೆನ್ನಿಗೆ ಅಂಟಿತ್ತು. ಈ ಇನ್ನೂರು ಜನರಲ್ಲಿ ಮೂವತ್ತು ಮಂದಿಯಾದರೂ ತನ್ನ ಚಟ್ನಿ ಉಂಡವರು. ಎದ್ದು ಹೋಗಿಬಿಡಲೇ ಎನ್ನಿಸಿತು. ಆದರೆ ಮಗಳನ್ನು ನೋಡಿದ. ಅವಳು ನಗುತ್ತಿರಲಿಲ್ಲ. ಎರಡು ಜಡೆ, ಎರಡು ರಿಬ್ಬನ್ನು, ಹಣೆಯ ಮೇಲೆ ಬೆವರು. ತನ್ನ ಹೂಂಗಾಗಿ ಕಾಯುತ್ತಿದ್ದಳು. ಮುಂದಿನ ಮಾತಿಗೆ ಕಾಲಿಡಲು ಅವಳಿಗೆ ಅದೊಂದೇ ಮೆಟ್ಟಿಲು.

“ಹೂಂ” ಎಂದ ಕಾಂತೇಶ, ಮೆತ್ತಗೆ.

ಭಾಗೂ ಮುಂದೆ ನಡೆದಳು. ಬಣವೆಯ ಮೇಲೆ ಅಪ್ಪ, ಕೆಳಗೆ ಎಮ್ಮೆ, ಕೋಡಿನಲ್ಲಿ ಜರಿಯಂಚಿನ ಧೋತ್ರ. ಅಪ್ಪ ಮೇಲಿನಿಂದ ಎಮ್ಮೆಗೆ ಮರಾಠಿಯಲ್ಲಿ ಬುದ್ಧಿ ಹೇಳಿದ್ದು. ಎಮ್ಮೆಗೆ ಕನ್ನಡ ಬಿಟ್ಟು ಬೇರೆ ಬರದಿದ್ದದ್ದು. ಒಂದೊಂದಕ್ಕೂ ಒಂದೊಂದು ಹೂಂ. ಮೂವತ್ತು ದಾಟಿತು, ನಲವತ್ತಕ್ಕೆ ಬಂತು.

“ಆವಾಗ ಎಮ್ಮಿ ಎಕದಂ ನನ್ನ ಕಡೆ ತಿರಗಿತು. ನಾ ಕರುವಿನ ಬಾಜೂಕs ನಿಂತಿದ್ದೆ. ನಂಗ ಓಡಾಕ ಬರಲಿಲ್ಲ. ಕಾಲs ಏಳಲಿಲ್ಲ.”

“ಹೂಂ” ಎಂದ ಕಾಂತೇಶ. ಇದು ನಲವತ್ತೊಂದನೆಯದು. ಅವತ್ತು ಬಣವೆಯ ಮೇಲೆ ತನ್ನ ಕಾಲೂ ಎದ್ದಿರಲಿಲ್ಲ ಎಂಬುದು ಅವನಿಗೆ ನೆನಪಾಯಿತು.

ಭಾಗೂ ಒಂದು ಗಳಿಗೆ ನಿಂತಳು. ಅಪ್ಪನ ಕೆಂಪಗಾದ ಮುಖ ನೋಡಿದಳು. ಮುಂಜಾನೆ ಜಡೆ ಹೆಣೆಸಿಕೊಳ್ಳುವಾಗ ಕೇಳಿದ ಮಾತು ಅವಳಿಗೆ ಗಟ್ಟಿಯಾಗಿ ನೆನಪಿತ್ತು.

“ಆವಾಗ ನಮ್ಮ ಪಪ್ಪಾ ಬಣವಿ ಮ್ಯಾಲಿಂದ ಧಡ್ ಅಂತ ಜಿಗದ” ಎಂದಳು. “ಓಡಿ ಬಂದು ಎಮ್ಮಿ ಹಗ್ಗಾ ಹಿಡದ. ಎಮ್ಮಿ ಎಳೀತು, ಪಪ್ಪಾ ಬಿಡಲಿಲ್ಲ. ಅಂಗೈ ಕೊರದು ರಕ್ತಾ ಬಂತು, ಆದ್ರೂ ಬಿಡಲಿಲ್ಲ. ಎಮ್ಮೀನ್ನ ಬ್ಯಾರೆ ಗೂಟಕ್ಕ ಕಟ್ಟಿದ, ಲಗೂನ ನನ್ನ ಎತ್ಗೊಂಡ.”

ಆಮೇಲೆ ಚಪ್ಪಾಳೆ. ಎಂಥ ಚಪ್ಪಾಳೆ! ಕಲ್ಯಾಣಪ್ಪ ಕೋಲು ನೆಲಕ್ಕೆ ಕುಟ್ಟಿ, “ನಮ್ಮ ಅಳಿಯಾ! ಚಡ್ಡಿ ಮ್ಯಾಲಿದ್ರೇನು, ಗಂಡಸು ಗಂಡಸs!” ಎಂದು ತಮ್ಮೂರವರ ಕಡೆ ತಿರುಗಿ ಕೂಗಿದರು. ಹನ್ನೆರಡು ವರ್ಷದಲ್ಲಿ ಅವರು ಅವನನ್ನು ಹಾಗೆ ನೋಡಿದ್ದು ಇದೇ ಮೊದಲು. ಕಸ್ತೂರಬಾಯಿಯೂ ಗಂಟೆ ಬದಿಗಿಟ್ಟು ಏನೋ ಬರೆದುಕೊಳ್ಳುತ್ತಿದ್ದರು. ಬರೆಯುವ ಕೈಯಲ್ಲಿ ಮೊದಲ ಬಹುಮಾನದ ಕಳೆ ಕಾಣುತ್ತಿತ್ತು. ಉಳಿದದ್ದು ಒಂದೇ ಒಂದು ಹೂಂ. ಅದು ಬಂದರೆ ಭಾಗೂ “ಅಲ್ಲಿಗಿ ನನ್ನ ಕತಿ ಮುಗೀತು” ಎನ್ನುತ್ತಾಳೆ. ಹುಟ್ಟಿ ಹತ್ತು ವರ್ಷಕ್ಕೆ ಒಂದು ಕಥೆ ಮುಗಿಯುತ್ತದೆ.

ಕಾಂತೇಶ ಬಾಯಿ ತೆರೆದ. ಮೂರನೇ ಸಾಲಿನಲ್ಲಿ ಶುಭಾಂಗಿ ಕಂಡಳು. ಅವಳೂ ಚಪ್ಪಾಳೆ ಹೊಡೆಯುತ್ತಿದ್ದಳು, ಎಲ್ಲರಿಗಿಂತ ಜೋರಾಗಿ, ಮಗಳ ಕಡೆ ನೋಡಿ ನಗುತ್ತ. ಬಲ ಅಂಗೈಗೆ ಅಡ್ಡಲಾಗಿ ಹಗ್ಗ ಕೊರೆದ ಗೆರೆ ಪ್ರತಿ ಚಪ್ಪಾಳೆಗೂ ಕಾಣುತ್ತಿತ್ತು, ಮುಚ್ಚುತ್ತಿತ್ತು, ಕಾಣುತ್ತಿತ್ತು. ಅವತ್ತು ಹಿಟ್ಟಿನ ಕೈಯಲ್ಲೇ ಓಡಿ ಬಂದಿದ್ದಳು. ಆಮೇಲೆ ಎಂಟು ದಿನ ಕೈಗೆ ಅರಿವೆ ಸುತ್ತಿಕೊಂಡು ರೊಟ್ಟಿ ಬಡಿದಿದ್ದಳು. ಎಮ್ಮೆಯ ಕೋಡಿನಿಂದ ಧೋತ್ರ ಬಿಡಿಸಿ ಬಣವೆಯ ಮೇಲೆ ಎಸೆದು, “ಲಗು ಉಟಗೊಳ್ರಿ, ಅಪ್ಪಾ ಬರಾಕತ್ತಾನ” ಎಂದವಳೂ ಅವಳೇ.

“ಅಲ್ಲ” ಎಂದ ಕಾಂತೇಶ.

ಮೈಕಿನಲ್ಲಿ ಅದು ಹಿಂದಿನ ಗೋಡೆಗೆ ಬಡಿದು ವಾಪಸು ಬಂತು.

“ನಾ ಜಿಗೀಲಿಲ್ಲ. ನಾ ಮ್ಯಾಲs ಕುಂತಿದ್ದೆ. ಹಗ್ಗಾ ಹಿಡದಾಕಿ ನಿನ್ನ ಮಮ್ಮಿ. ಮಾಮಾರ, ನಿಮ್ಮ ಮಗಳು!” ಇಲ್ಲಿಗೆ ಬಾಯಿ ಮುಚ್ಚಿದ್ದರೆ ಅವನು ದೊಡ್ಡ ಮನುಷ್ಯನೆನ್ನಿಸಿಕೊಳ್ಳುತ್ತಿದ್ದ. ಆದರೆ ಒಡ್ಡು ಒಡೆದಾಗಿತ್ತು. “ಮತ್ತ ಎಮ್ಮಿ ಸುತ್ತಿಸಿದ್ದು ಎರಡs ಸುತ್ತು, ಮೂರಲ್ಲ! ಧೋತ್ರ ಉಡಾಕ ನಂಗ ಬರ್ತೈತಿ, ಗಂಟು ಸಡಲ ಆಗಿತ್ತು! ಮತ್ತ ಅವತ್ತು ಎಮ್ಮಿ ಈದು ನಾಕಲ್ಲ, ಐದು ದಿನಾ ಆಗಿತ್ತು!”

ಢಣ್.

ಕಸ್ತೂರಬಾಯಿ ಒಮ್ಮೆಯಲ್ಲ, ಮೂರು ಸಲ ಬಾರಿಸಿದರು. ಅವನು ಅಷ್ಟರವರೆಗೆ ನಿಲ್ಲಲಿಲ್ಲ.

ಬಹುಮಾನ ಬೇರೆ ಯಾರಿಗೋ ಹೋಯಿತು. ಕಲ್ಯಾಣಪ್ಪ ಮಗಳನ್ನು ಕರೆದು, ಅವಳ ಅಂಗೈ ತಮ್ಮ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅಳಿಯನ ಕಡೆ ತಿರುಗಿ, “ಧೋಂಡ್ಯಾಕ್ಕ ಬರ್ರಿ. ಈ ಸಲ ಹೊಸಾ ಸೀರಿ, ಆಹೇರ ಎಲ್ಲಾ ಇಕಿಗೇ. ನಿಮಗ ಒಂದು ಪ್ಯಾಂಟ್ ಕೊಡ್ತೀವಿ, ಸ್ವಾಂಟಕ್ಕ ಪಟ್ಟಾ ಹಾಕಿ” ಎಂದರು.

ಸೋಲಾಪುರದ ಬಸ್ಸಿನಲ್ಲಿ ಭಾಗೂ ಅಮ್ಮನ ಪಕ್ಕ ಕುಳಿತಳು. ಕಾಂತೇಶ ಹಿಂದಿನ ಸೀಟಿನಲ್ಲಿ ಒಬ್ಬನೇ, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಕುಳಿತ. ವಳಸಂಗ ದಾಟಿತು.

“ಯಾಕ್ರಿ ಹಂಗ ಮಾಡಿದ್ರಿ?” ಎಂದಳು ಶುಭಾಂಗಿ, ಹಿಂದೆ ತಿರುಗದೆ. “ಒಂದs ಒಂದು ಹೂಂ ಉಳದಿತ್ತು.”

“ಸುಳ್ಳ ಹೇಳಾಕತ್ತಿದ್ಲಲ್ಲ.”

“ಹೇಳ್ಕೊಟ್ಟಾವ್ರು ಯಾರು?”

ಕಾಂತೇಶ ಕೈಚೀಲದ ಬಾಯಿ ಬಿಚ್ಚಿ ಮತ್ತೆ ಕಟ್ಟಿದ.

ಭಾಗೂ ಸೀಟಿನ ಮೇಲೆ ಮೊಣಕಾಲೂರಿ ಹಿಂದೆ ತಿರುಗಿದಳು. ಅತ್ತ ಗುರುತು ಕಣ್ಣಲ್ಲಿ ಇನ್ನೂ ಇತ್ತು. “ಪಪ್ಪಾ, ನಾ ಎಣಸೀನಿ. ನಲವತ್ತೊಂದು ಸಲ ಹೂಂ ಅಂದಿ.”

“ಹೂಂ” ಎಂದ ಕಾಂತೇಶ.

“ಈಗ ಅಂದ್ರ ಏನ ಉಪಯೋಗ?” ಎಂದು ಅವಳು ಮುಂದಕ್ಕೆ ತಿರುಗಿ ಕುಳಿತಳು.

ಕಥೆ ಮುಗಿಯಲಿಲ್ಲ. ಕಾಂತೇಶ ಕೊಟ್ಟ ಮಾತಿಗೆ ತಪ್ಪಿದ.